ರಾಯಿಕೋಡಿನ ಕನ್ನಡಿಗನಿಗೆ ಕಾನೂನು ತಲಪುವುದು ಯಾವ ಭಾಷೆಯಲ್ಲಿ?

2024ರ ಜುಲೈ 1ರಿಂದ ದೇಶದ ಅಪರಾಧ ಕಾನೂನುಗಳು ಹೊಸ ಹೆಸರು ಪಡೆದಿವೆ. 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆಯೂ 1872ರ ಸಾಕ್ಷ್ಯ ಕಾಯಿದೆ ಹೋಗಿ ಸಾಕ್ಷ್ಯ ಅಧಿನಿಯಮವೂ ಬಂದಿವೆ. ಅದೇ ವರ್ಷದ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಗ್ರಂಥಾಲಯದಲ್ಲಿರಿಸಿದ ನ್ಯಾಯದೇವತೆಯ ಹೊಸ ಪ್ರತಿಮೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಈ ದೇವತೆಗೆ ಕಣ್ಣಿನ ಪಟ್ಟಿ ಇಲ್ಲ, ಕೈಯಲ್ಲಿ ಖಡ್ಗದ ಬದಲು ಸಂವಿಧಾನವಿದೆ. ಕಣ್ಣು ತೆರೆದದ್ದು ಒಳ್ಳೆಯದೇ. ಆದರೆ ಕೋರ್ಟು ಕಚೇರಿಗಳ ಮೆಟ್ಟಿಲು ಹತ್ತುವ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ದೇವತೆಯ ಕಣ್ಣಿಗಿಂತ ಕಿವಿ ಮತ್ತು ಬಾಯಿಯದೇ ಚಿಂತೆ. ಆಕೆ ಯಾವ ಭಾಷೆಯಲ್ಲಿ ಕೇಳುತ್ತಾಳೆ, ಯಾವ ಭಾಷೆಯಲ್ಲಿ ಹೇಳುತ್ತಾಳೆ ಎಂಬುದು ಹೊಸ ಸಂಹಿತೆಗಳಿಂದಲೂ ಹೊಸ ಪ್ರತಿಮೆಯಿಂದಲೂ ಇತ್ಯರ್ಥವಾಗಿಲ್ಲ.

ಈ ಪ್ರಶ್ನೆಯನ್ನು ನಾವು ಕಾಸರಗೋಡಿನ ಮಟ್ಟಿಗೆ ಅನೇಕ ಸಲ ಎತ್ತಿದ್ದೇವೆ. ಇಂದು ನಮ್ಮಂತೆಯೇ ಗಡಿಯ ಆಚೆ ಉಳಿದ, ಆದರೆ ನಮ್ಮಷ್ಟು ಸದ್ದು ಮಾಡದ ಕನ್ನಡಿಗರ ನಾಡೊಂದನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ. ಅದು ತೆಲಂಗಾಣದ ರಾಯಿಕೋಡು ಮತ್ತು ಅದರ ಸುತ್ತಲಿನ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆ.

1956ರ ನವೆಂಬರ್ 1 ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋದದ್ದು. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಕಾಯಿದೆಯಿಂದ ನಿಜಾಮರ ಹಳೆಯ ಹೈದರಾಬಾದ್ ಸಂಸ್ಥಾನವೂ ಮೂರು ಪಾಲಾಯಿತು. ಬೀದರ, ಗುಲ್ಬರ್ಗ, ರಾಯಚೂರು ಮೈಸೂರಿಗೆ ಬಂದುವು. ಆದರೆ ಪೂರ್ತಿಯಾಗಿ ಬರಲಿಲ್ಲ. ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ, ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಕ್ಕೆ ಸೇರಿದುವು. ಕತ್ತರಿ ಎಷ್ಟು ಸೂಕ್ಷ್ಮವಾಗಿ ಆಡಿತೆಂದರೆ, ಜಹೀರಾಬಾದ್ ತಾಲೂಕು ಅತ್ತ ಹೋಗುವಾಗ ಅದರ ನಿರ್ಣಾ ವೃತ್ತವನ್ನು ಮಾತ್ರ ಇತ್ತ ಉಳಿಸಿದರು. ಬೀದರ ತಾಲೂಕು ಇತ್ತ ಉಳಿಯುವಾಗ ಅದರ ನ್ಯಾಲ್ಕಲ್ ವೃತ್ತವನ್ನು ಅತ್ತ ಕಳುಹಿಸಿದರು. ಮೆದಕ ಜಿಲ್ಲೆಗೆ ಅಂಟಿಸಲಾದ ಈ ಭಾಗ 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜಿಲ್ಲೆ ಒಡೆದಾಗ ಸಂಗಾರೆಡ್ಡಿ ಜಿಲ್ಲೆಯ ಪಾಲಾಯಿತು. ರಾಯಿಕೋಡು ಇಂದು ಅದರಲ್ಲಿ ಒಂದು ಮಂಡಲದ ಕೇಂದ್ರ. ನೆರೆಯ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರದ ಕಡೆಯಿಂದ ಭಕ್ತರು ಇಂದಿಗೂ ಹೋಗಿಬರುತ್ತಾರೆ. ದೇವರಿಗೆ ಗಡಿ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ದಾಖಲೆ ಪತ್ರಗಳಿಗೆ.

ಅಲ್ಲಿನ ರೈತ ಕುಟುಂಬವೊಂದರ ಪೆಟ್ಟಿಗೆಯಲ್ಲಿ ಏನಿರುತ್ತದೆ ನೋಡಿ. ತೆಲಂಗಾಣದಲ್ಲಿ ಭೂಮಿಯ ಹಕ್ಕಿಗೆ ಬುಡವೆಂದು ಎಲ್ಲರೂ ಒಪ್ಪುವ ದಾಖಲೆ 1954–55ರ ಖಾಸ್ರಾ ಪಹಣಿ. ಅದು ಹೈದರಾಬಾದ್ ರಾಜ್ಯದ ಕಾಲದ್ದು, ಹೆಚ್ಚಾಗಿ ಉರ್ದುವಿನಲ್ಲಿ ಬರೆದದ್ದು. ಅದರ ಮೇಲೆ ಬಂದ ಪಟ್ಟೇದಾರ್ ಪಾಸ್ ಪುಸ್ತಕ ತೆಲುಗಿನದು. ವ್ಯಾಜ್ಯ ಮೇಲಕ್ಕೆ ಹೋದರೆ ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ. ಮನೆಯೊಳಗೆ ಅಣ್ಣತಮ್ಮಂದಿರು ಪಾಲಿನ ಮಾತಾಡುವುದು ಕನ್ನಡದಲ್ಲಿ. ಒಂದು ಎಕರೆ ನೆಲದ ಮೇಲೆ ನಾಲ್ಕು ಭಾಷೆಗಳು ನಿಂತಿವೆ. ಒಡೆಯನಾದವನಿಗೆ ಸಲೀಸಾಗಿರುವ ಒಂದರಲ್ಲಿ ಮಾತ್ರ ಕಾಗದವಿಲ್ಲ.

2020ರ ಅಕ್ಟೋಬರ್ 29ರಂದು ತೆಲಂಗಾಣ ಸರಕಾರ ಧರಣಿ ಎಂಬ ಗಣಕ ವ್ಯವಸ್ಥೆಗೆ ಚಾಲನೆ ಕೊಟ್ಟಾಗ ಈ ತೊಡಕು ಇನ್ನಷ್ಟು ಬಿಗಿಯಾಯಿತು. ಅದೇ ವರ್ಷದ ಹೊಸ ಕಾಯಿದೆಯಿಂದ ಕಂದಾಯ ನ್ಯಾಯಾಲಯಗಳನ್ನು ತೆಗೆದುಹಾಕಲಾಯಿತು, ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯೂ ಹೋಯಿತು. ಗಣಕದಲ್ಲಿ ಹೆಸರು ತಪ್ಪಿದ್ದರೆ, ಸರ್ವೆ ನಂಬ್ರ ಬಿಟ್ಟುಹೋಗಿದ್ದರೆ, ಹಳ್ಳಿಯಲ್ಲೇ ಹೋಗಿ ಕೇಳಲು ಮನುಷ್ಯನಿರಲಿಲ್ಲ. ಮೇಲ್ಮನವಿಗೆ ದಾರಿಯಿರಲಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. ಇದು ಕನ್ನಡಿಗರಿಗೆ ಮಾತ್ರ ಬಂದ ಕಷ್ಟವಲ್ಲ, ತೆಲುಗು ರೈತರೂ ಸಾಕಷ್ಟು ಅನುಭವಿಸಿದರು. ಬದಲಿಗೆ ತಂದ ಭೂ ಭಾರತಿ ಕಾಯಿದೆ 2025ರ ಏಪ್ರಿಲ್ 14ರಂದು ಜಾರಿಗೆ ಬಂತು. ಅದರಲ್ಲಿ ಮೇಲ್ಮನವಿಯ ಹಾದಿ ಮತ್ತೆ ತೆರೆದಿದೆ. ಆ ವರ್ಷದ ಜೂನ್ ತಿಂಗಳಲ್ಲಿ ಅಧಿಕಾರಿಗಳು ಹಳ್ಳಿ ಹಳ್ಳಿಗೂ ಬಂದು ಕಂದಾಯ ಸದಸ್ಸು ನಡೆಸಿ ಅರ್ಜಿ ಪಡೆದರು. ಒಳ್ಳೆಯ ಕ್ರಮವೆಂದು ನಾವು ಒಪ್ಪುತ್ತೇವೆ. ಆದರೆ ಅರ್ಜಿಯ ನಮೂನೆಯನ್ನು ತಾನೇ ಓದಿ ತುಂಬಲಾರದವನು ಪಕ್ಕದವನ ಕೈಗೆ ಕೊಡುತ್ತಾನೆ. ಪಕ್ಕದವನು ಬರೆದದ್ದಕ್ಕೆ ಇವನ ಹೆಬ್ಬೆಟ್ಟು ಬೀಳುತ್ತದೆ. ಮುಂದೆ ಹತ್ತು ವರ್ಷ ಕಳೆದು ಅದೇ ಕಾಗದ ಇವನ ವಿರುದ್ಧ ಸಾಕ್ಷ್ಯವಾಗಿ ಕೂತರೆ, "ನನಗೆ ತಿಳಿಯಲಿಲ್ಲ" ಎಂಬ ಮಾತು ನಡೆಯದು.

ಏಕೆ ನಡೆಯದು? ಕಾನೂನು ತಿಳಿಯದೆಂಬುದು ನೆಪವಾಗಲಾರದು ಎಂಬ ನಿಯಮ ಅನೇಕ ದೇಶಗಳ ನ್ಯಾಯಪದ್ಧತಿಯಲ್ಲಿ ಇದೆ. ಕಳ್ಳನು "ಕದಿಯಬಾರದೆಂದು ಗೊತ್ತಿರಲಿಲ್ಲ" ಎಂದರೆ ಯಾರು ಕೇಳುತ್ತಾರೆ? ಆದರೆ ಈ ನಿಯಮ ಒಂಟಿಕಾಲಿನದಲ್ಲ. ಪ್ರಜೆ ಕಾನೂನನ್ನು ತಿಳಿದಿರಬೇಕೆಂದಾದರೆ ಆಳುವವನು ಅದನ್ನು ತಿಳಿಯಪಡಿಸಿರಬೇಕು. ಹಿಂದಿನ ಅರಸರು ಡಂಗುರ ಹೊಡೆಸುತ್ತಿದ್ದರು, ಶಾಸನ ಕೆತ್ತಿಸಿ ಊರ ಮುಂದೆ ನಿಲ್ಲಿಸುತ್ತಿದ್ದರು. ಕನ್ನಡದಲ್ಲಿ ಕಾನೂನಿಗೆ ಶಾಸನ ಎಂಬ ಹೆಸರಿದೆ, ಕಲ್ಲಿನ ಮೇಲಿನ ಬರಹಕ್ಕೂ ಅದೇ ಹೆಸರು.

ನಮ್ಮ ಸುಪ್ರೀಂ ಕೋರ್ಟು ಇದನ್ನು ಆರಂಭದ ವರ್ಷಗಳಲ್ಲೇ ಸ್ಪಷ್ಟವಾಗಿ ಹೇಳಿದೆ. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರ ಡಿಸೆಂಬರದಲ್ಲಿ ಅಫೀಮಿನ ಬಗ್ಗೆ ಒಂದು ಕಾಯಿದೆಯನ್ನು ಠರಾವು ಮಾಡಿ ಅಂಗೀಕರಿಸಿತು. ಆದರೆ ಅದನ್ನು ಗೆಜೆಟಿನಲ್ಲಾಗಲಿ ಬೇರೆ ಯಾವ ರೀತಿಯಲ್ಲಾಗಲಿ ಪ್ರಕಟಿಸಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹರ್ಲಾ ಎಂಬವನಿಗೆ ಆ ಕಾಯಿದೆಯ ಮೇರೆಗೆ 50 ರೂಪಾಯಿ ದಂಡ ಬಿತ್ತು. ಐವತ್ತು ರೂಪಾಯಿಯ ಮೊಕದ್ದಮೆ ದಿಲ್ಲಿಯ ತನಕ ಹೋಯಿತು. 1951ರಲ್ಲಿ ಸುಪ್ರೀಂ ಕೋರ್ಟು ಅವನ ಶಿಕ್ಷೆಯನ್ನು ರದ್ದುಪಡಿಸಿತು. ಮುಚ್ಚಿದ ಕೋಣೆಯೊಳಗೆ ಮಾಡಿದ ಕಾಯಿದೆಯನ್ನು ಪ್ರಜೆಗಳಿಗೆ ತಿಳಿಸದೆ ಅವರನ್ನು ಅದರಿಂದ ಬಂಧಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದೇ ಆ ತೀರ್ಪಿನ ಸಾರ. ನಮ್ಮ ಪ್ರಶ್ನೆ ಇಲ್ಲಿಂದ ಮುಂದಕ್ಕೆ: ಗೆಜೆಟಿನಲ್ಲಿ ಅಚ್ಚಾದ ಮಾತ್ರಕ್ಕೆ ತಿಳಿಸಿದಂತಾಯಿತೆ? ಓದಲಾಗದ ಲಿಪಿಯಲ್ಲಿ ಗೋಡೆಗೆ ಅಂಟಿಸಿದ ನೋಟೀಸಿಗೂ ಮುಚ್ಚಿದ ಕೋಣೆಯ ಠರಾವಿಗೂ ಅಂತರವೆಷ್ಟು?

ಇದಕ್ಕೂ ಅರ್ಧ ಉತ್ತರ ಸಿಕ್ಕಿದೆ. ನಾಗಪುರದ ಹರಿಕಿಸನ್ ಎಂಬವರನ್ನು ಮುಂಜಾಗ್ರತೆಯ ಬಂಧನ ಕಾಯಿದೆಯಂತೆ ಹಿಡಿದಿಟ್ಟಾಗ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಇಂಗ್ಲಿಷ್ ಬಾರದ ಅವರು ಹಿಂದಿಯಲ್ಲಿ ಕೊಡಿರೆಂದು ಕೇಳಿದರು. ಇಂಗ್ಲಿಷ್ ಆಡಳಿತ ಭಾಷೆ, ಪೋಲೀಸು ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿಯೂ ಇದ್ದಾರೆ ಎಂದು ಸರಕಾರ ವಾದಿಸಿತು. 1962ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಸಂವಿಧಾನದ 22ನೆಯ ವಿಧಿ ಕಾರಣಗಳನ್ನು ತಿಳಿಸಬೇಕು ಎನ್ನುತ್ತದೆ. ತಿಳಿಸುವುದೆಂದರೆ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ತಿಳಿಸುವುದು ಎಂದು ಹೇಳಿ ಅವರನ್ನು ಬಿಡುಗಡೆ ಮಾಡಿತು. 1980ರಲ್ಲಿ ಗುಜರಾತಿ ಮಾತ್ರ ಬಲ್ಲ ಇನ್ನೊಬ್ಬ ಬಂಧಿತನ ಪ್ರಕರಣದಲ್ಲೂ, ಬಾಯಲ್ಲಿ ವಿವರಿಸಿದರೆ ಸಾಲದು, ಬರಹದಲ್ಲೇ ಕೊಡಬೇಕೆಂದು ತೀರ್ಪಾಯಿತು.

ಕ್ರಿಮಿನಲ್ ಮೊಕದ್ದಮೆಗಳಲ್ಲೂ ಇದೇ ತತ್ವವಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ತೆರೆದ ನ್ಯಾಯಾಲಯದಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮಿನಲ್ಲಿತ್ತು. ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಂದರೆ ರಾಯಿಕೋಡಿನ ಕನ್ನಡಿಗನೊಬ್ಬ ಜೈಲಿಗೆ ಹೋಗುವ ಸಂದರ್ಭ ಬಂದರೆ ಕಾನೂನು ಅವನ ಭಾಷೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅವನ ನೆಲ ಹೋಗುವ ಸಂದರ್ಭದಲ್ಲಿ ಮಾತ್ರ ಆ ಖಚಿತತೆ ಇಲ್ಲ. ಪಾಪ, ಮರ್ಯಾದೆಯಿಂದ ಬಾಳುವವನಿಗೆ ಈ ಸೌಲಭ್ಯ ಸಿಗುವುದು ಕಷ್ಟ!

ನೆಲ ಹೋಗುವ ಮಾತು ಕಲ್ಪನೆಯದಲ್ಲ. ರಾಯಿಕೋಡಿಗೆ ನೆರೆಯಾದ ನ್ಯಾಲ್ಕಲ್ ಮತ್ತು ಝರಾಸಂಗಮ ಮಂಡಲಗಳಲ್ಲಿ ಜಹೀರಾಬಾದ್ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕಾಗಿ ಹನ್ನೆರಡು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ಗುರುತಿಸಲಾಗಿದೆ. ಕೇಂದ್ರದ 2013ರ ಭೂಸ್ವಾಧೀನ ಕಾಯಿದೆ ಇಂಥ ಸಂದರ್ಭಕ್ಕೆಂದೇ ಬಂದದ್ದು. ಅದರ 11ನೆಯ ಕಲಮಿನಂತೆ ಪ್ರಾಥಮಿಕ ಅಧಿಸೂಚನೆಯನ್ನು ಗೆಜೆಟಿನಲ್ಲೂ ಎರಡು ದಿನಪತ್ರಿಕೆಗಳಲ್ಲೂ ಹಾಕಿದರಷ್ಟೇ ಸಾಲದು. ಪಂಚಾಯತಿನಲ್ಲೂ ಕಂದಾಯ ಕಚೇರಿಗಳಲ್ಲೂ ಸ್ಥಳೀಯ ಭಾಷೆಯಲ್ಲಿ ಪ್ರಕಟಿಸಬೇಕು. ಪತ್ರಿಕೆಗೆ ಪ್ರಾದೇಶಿಕ ಭಾಷೆ, ಪಂಚಾಯತಿಗೆ ಸ್ಥಳೀಯ ಭಾಷೆ ಎಂದು ಎರಡು ಬೇರೆ ಮಾತು ಬಳಸಿದ್ದನ್ನು ವಾಚಕರು ಗಮನಿಸಬೇಕು. ಎರಡೂ ಒಂದೇ ಆಗಿದ್ದರೆ ಬೇರೆ ಮಾತು ಬೇಕಿರಲಿಲ್ಲ. ರಾಜ್ಯದ ಭಾಷೆ ತೆಲುಗು ಎಂಬುದು ನಿಜ, ಊರಿನ ಭಾಷೆ ಯಾವುದೆಂದು ಊರಿನಲ್ಲಿ ಕೇಳಿಯೇ ತೀರ್ಮಾನಿಸಬೇಕಾಗುತ್ತದೆ ಎಂದು ನಾವು ಈ ಕಲಮನ್ನು ಓದುತ್ತೇವೆ.

ಆದರೆ ತೆಲಂಗಾಣ ಸರಕಾರ 2015ರ ಜುಲಾಯಿಯಲ್ಲಿ 123ನೆಯ ನಂಬ್ರದ ಆಜ್ಞೆಯೊಂದನ್ನು ಹೊರಡಿಸಿ, ಒಪ್ಪಿಗೆಯ ಮೇಲೆ ನೇರವಾಗಿ ಜಮೀನು ಖರೀದಿಸುವ ಸುಲಭದ ದಾರಿ ಹಿಡಿಯಿತು. ಖರೀದಿಯಲ್ಲಿ ಮಾರುವವನಿಗೆ ಹಣ ಸಿಗುತ್ತದೆ. ಆ ಜಮೀನಿನಲ್ಲಿ ಕೂಲಿ ಮಾಡಿ ಬದುಕುವವನಿಗೆ ಏನೂ ಇಲ್ಲ. 2013ರ ಕಾಯಿದೆಯಾದರೋ ಅವನನ್ನೂ ಬಾಧಿತನೆಂದು ಎಣಿಸುತ್ತದೆ. ಇದೇ ಹೂಡಿಕೆ ವಲಯದ ಕೃಷಿ ಕೂಲಿಗಳು ಹೈದರಾಬಾದಿನ ಹೈಕೋರ್ಟಿಗೆ ಹೋದರು, 2016ರ ಆಗಸ್ಟಿನಲ್ಲಿ ಏಕಸದಸ್ಯ ಪೀಠ ಆ ಆಜ್ಞೆಯನ್ನು ರದ್ದುಪಡಿಸಿತು. ಸರಕಾರ ಮೇಲ್ಮನವಿ ಹಾಕಿತು. ಬಳಿಕ ಕೇಂದ್ರ ಕಾಯಿದೆಗೇ ರಾಜ್ಯದ ಮಟ್ಟಿಗೆ ತಿದ್ದುಪಡಿ ತಂದುಕೊಂಡಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲವಾದರೂ, ಒಂದು ಸೆಂಟು ಭೂಮಿಯಿಲ್ಲದ ಕೂಲಿಯಾಳು ಸರಕಾರದ ಆಜ್ಞೆಯನ್ನು ಕೋರ್ಟಿನಲ್ಲಿ ನಿಲ್ಲಿಸಿ ಪ್ರಶ್ನಿಸಿದ ನಾಡು ಇದೆಂಬುದು ಸಣ್ಣ ಮಾತಲ್ಲ.

ಇಷ್ಟು ಹೇಳಿದೊಡನೆ ಬರುವ ಆಕ್ಷೇಪ ನಮಗೆ ಗೊತ್ತು. ಅಲ್ಲಿನ ಕನ್ನಡಿಗರಿಗೆ ತೆಲುಗು ಬರುತ್ತದಲ್ಲ, ಉರ್ದುವೂ ಬರುತ್ತದಲ್ಲ, ಇನ್ನೇನು ತೊಂದರೆ? ಬರುತ್ತದೆ, ನಿಜ. ಸಂತೆಯಲ್ಲಿ ಮಾತಾಡುವಷ್ಟು, ಬಸ್ಸಿನಲ್ಲಿ ಜಗಳಾಡುವಷ್ಟು ಬರುತ್ತದೆ. ಶಾಲೆಗೆ ಹೋದ ಮಕ್ಕಳು ಓದಿ ಬರೆಯುತ್ತಾರೆ. ಆದರೆ ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಹಕ್ಕು ನಷ್ಟವಾಗತಕ್ಕದ್ದು ಎಂಬಂಥ ಬರಹವನ್ನು ಅರ್ಥಮಾಡಿಕೊಳ್ಳಲು ಸಂತೆಯ ಭಾಷೆ ಸಾಲದು. ಮಲಯಾಳ ಚೆನ್ನಾಗಿ ಮಾತಾಡುವ ನಮ್ಮ ಹಿರಿಯರನೇಕರು ವಿಲೇಜು ಆಫೀಸಿನ ಕಾಗದ ಬಂದಾಗ ಮೊಮ್ಮಗನನ್ನು ಕರೆಯುವುದು ಏಕೆಂದು ಕಾಸರಗೋಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಎರಡನೆಯ ಆಕ್ಷೇಪ ಖರ್ಚಿನದು. ಎಲ್ಲ ಕಾಗದವನ್ನೂ ಎಲ್ಲ ಭಾಷೆಯಲ್ಲಿ ಅಚ್ಚು ಹಾಕಿಸಿರೆಂದು ಯಾರೂ ಕೇಳುತ್ತಿಲ್ಲ. ಹಕ್ಕನ್ನು ಹುಟ್ಟಿಸುವ ಅಥವಾ ಕಳೆಯುವ ಕಾಗದ, ಅವಧಿ ನಿಗದಿಪಡಿಸುವ ಕಾಗದ, ಇವು ಮಾತ್ರ ಕನ್ನಡದಲ್ಲೂ ಇರಲಿ ಎಂಬುದಷ್ಟೇ ಬೇಡಿಕೆ. ಇದಕ್ಕೆ ಹೊಸ ತತ್ವವೂ ಬೇಕಾಗಿಲ್ಲ. ರಾಜ್ಯಗಳನ್ನು ಒಡೆದು ಕಟ್ಟಿದ 1956ರಲ್ಲೇ, ಸೆಪ್ಟೆಂಬರ್ 4ರ ಕೇಂದ್ರ ಸರಕಾರದ ಜ್ಞಾಪನಪತ್ರದಲ್ಲಿ, ಒಂದು ಜಿಲ್ಲೆಯಲ್ಲಾಗಲಿ ನಗರಸಭೆ ಅಥವಾ ತಹಸೀಲಿನಂಥ ಸಣ್ಣ ಪ್ರದೇಶದಲ್ಲಾಗಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 15ರಿಂದ 20ರಷ್ಟು ಇದ್ದರೆ ಮುಖ್ಯವಾದ ನೋಟೀಸು ಮತ್ತು ನಿಯಮಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸುವುದು ಉಚಿತವೆಂದು ಹೇಳಿದೆ. 1961ರ ಮುಖ್ಯಮಂತ್ರಿಗಳ ಸಮ್ಮೇಳನವೂ ಇಂಥ ರಕ್ಷಣೆಗಳನ್ನು ಒಪ್ಪಿತು.

ಇಲ್ಲಿ ಒಂದು ಲೆಕ್ಕದ ಚಮತ್ಕಾರವಿದೆ. ಶೇಕಡಾವಾರು ಎಂಬುದು ಯಾವ ಗೆರೆಯೊಳಗೆ ಎಣಿಸುತ್ತೀರಿ ಎಂಬುದರ ಮೇಲೆ ನಿಂತದ್ದು. ಇಡೀ ಜಿಲ್ಲೆಯಲ್ಲಿ ಎಣಿಸಿದರೆ ಗಡಿಯಂಚಿನ ಕನ್ನಡಿಗರು ಲೆಕ್ಕಕ್ಕೇ ಸಿಗರು. ಆದರೆ 1985ರಲ್ಲಿ ಎನ್.ಟಿ. ರಾಮರಾಯರ ಸರಕಾರ ಹಳೆಯ ತಾಲೂಕುಗಳನ್ನು ಒಡೆದು ಸಣ್ಣ ಮಂಡಲಗಳನ್ನು ಮಾಡಿತು. ತಹಶೀಲ್ದಾರರು ಈಗ ಮಂಡಲಕ್ಕೊಬ್ಬರು ಇದ್ದಾರೆ. ಜ್ಞಾಪನಪತ್ರದ ತಹಸೀಲು ಎಂಬ ಮಾತಿಗೆ ಇಂದಿನ ಮಂಡಲವೇ ಸರಿದೊರೆಯಾದ ಘಟಕವೆಂದು ನಮ್ಮ ಅಭಿಪ್ರಾಯ. ಹಳ್ಳಿಯ ಮಟ್ಟಕ್ಕೆ ಇಳಿದು ಎಣಿಸಿದರೆ ಇನ್ನೂ ಉತ್ತಮ. ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಲಮಿನಲ್ಲಿ ಏನು ಬರೆಸುತ್ತೇವೆ ಎಂಬುದೂ ಹೀಗೆ ಕಾನೂನಿನ ವಿಷಯವಾಗಿಬಿಡುತ್ತದೆ.

ಅಧಿಕಾರವೂ ಸರಕಾರದ ಕೈಯಲ್ಲಿ ಸಿದ್ಧವಾಗಿಯೇ ಇದೆ. 1966ರ ಆಂಧ್ರ ಪ್ರದೇಶ ಅಧಿಕೃತ ಭಾಷಾ ಕಾಯಿದೆ ತೆಲುಗನ್ನು ಅಧಿಕೃತ ಭಾಷೆಯಾಗಿ ಮಾಡಿತು. ಅದರ ಜೊತೆಗೆ ಉರ್ದುವನ್ನಾಗಲಿ ಬೇರೆ ಯಾವುದೇ ಭಾಷೆಯನ್ನಾಗಲಿ, ಆ ಭಾಷೆಯವರ ಹಿತಕ್ಕಾಗಿ, ಗೊತ್ತುಪಡಿಸಿದ ಪ್ರದೇಶದಲ್ಲಿ ಗೊತ್ತುಪಡಿಸಿದ ಕೆಲಸಗಳಿಗೆ ಬಳಸುವಂತೆ ಅಧಿಸೂಚನೆ ಹೊರಡಿಸಲು ಸರಕಾರಕ್ಕೆ ಅವಕಾಶವಿತ್ತಿತು. ತೆಲಂಗಾಣ ಆ ಕಾಯಿದೆಯನ್ನೇ ಮುಂದುವರಿಸಿಕೊಂಡು 2017ರಲ್ಲಿ ಉರ್ದುವನ್ನು ರಾಜ್ಯದಾದ್ಯಂತ ಎರಡನೆಯ ಅಧಿಕೃತ ಭಾಷೆಯಾಗಿ ಮಾಡಿತು. ಉರ್ದುವಿಗೆ ಸಿಕ್ಕಿದ್ದಕ್ಕೆ ನಮಗೆ ಸಂತೋಷವೇ. ಗಡಿ ಮಂಡಲಗಳಲ್ಲಿ ಕನ್ನಡಕ್ಕೂ ಒಂದು ಅಧಿಸೂಚನೆ ಸಾಕು. ವಿಧಾನಸಭೆಯಲ್ಲಿ ಹೊಸ ಮಸೂದೆ ತರಬೇಕಾಗಿಲ್ಲ, ಗಡಿ ಜರುಗಿಸಬೇಕಾಗಿಲ್ಲ.

ಗಡಿ ಎಂದಾಗ ನಮ್ಮ ಕಡೆಯ ಅನುಭವವನ್ನೂ ಹೇಳಬೇಕು. ರಾಜ್ಯದ ಗೆರೆ ಸರಿದರೆ ಬೋರ್ಡಿನ ಲಿಪಿ ಮಾತ್ರ ಬದಲಾಗುತ್ತದೆಂದು ತಿಳಿಯುವುದು ತಪ್ಪು, ಕಾಲಕೆಳಗಿನ ಕಾನೂನೇ ಬದಲಾಗುತ್ತದೆ. ತಲಪಾಡಿಯಿಂದ ಆಚೆ ಗೇಣಿದಾರನಿಗೆ ಹಕ್ಕು ಕೊಡುವ ದಿನ 1974ರ ಮಾರ್ಚ್ 1. ಈಚೆ ನಮಗೆ ಕೇರಳದ ಭೂಸುಧಾರಣೆಯಿಂದ 1970ರ ಜನವರಿ 1. ಆಚೆ ಅಳಿಯಸಂತಾನ ಕಾಯಿದೆಯ ಕುಟುಂಬ, ಕವರು ಮುಂತಾದ ಮಾತುಗಳು ಕೋರ್ಟಿನಲ್ಲಿ ಇನ್ನೂ ಕೇಳಿಬರುತ್ತವೆ. ಈಚೆ 1976ರ ಡಿಸೆಂಬರ್ 1ರಂದು ಕೇರಳದ ಅವಿಭಕ್ತ ಕುಟುಂಬ ರದ್ದಿಯಾತಿ ಕಾಯಿದೆ ಜಾರಿಗೆ ಬಂದು ಅದು ಮುಗಿದುಹೋಯಿತು. ಒಂದೇ ತಾಯಿಯ ಮಕ್ಕಳಾದ ಅಕ್ಕ ಮಂಜೇಶ್ವರದಲ್ಲಿ, ತಂಗಿ ಉಳ್ಳಾಲದಲ್ಲಿ ಇದ್ದರೆ ತರವಾಡಿನ ಆಸ್ತಿಗೆ ಇಬ್ಬರಿಗೂ ಬೇರೆ ಬೇರೆ ಕಾನೂನು. ರಾಯಿಕೋಡಿನವರಿಗೂ ಬೀದರದ ನೆಂಟರಿಗೂ ಹೀಗೆಯೇ. ಅಲ್ಲಿ 1950ರ ಹೈದರಾಬಾದ್ ಗೇಣಿ ಕಾಯಿದೆಯ ರಕ್ಷಿತ ಗೇಣಿದಾರ, ಇಲ್ಲಿ ಕರ್ನಾಟಕದ ಭೂ ನ್ಯಾಯಮಂಡಳಿ. ಇಷ್ಟು ಬದಲಾದಾಗ ಬದಲಾದ ಕಾನೂನನ್ನು ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕು ಅಭಿಮಾನದ ಮಾತಲ್ಲ, ಅನ್ನದ ಮಾತು.

ಒಂದು ವಿಷಯದಲ್ಲಿ ನಮ್ಮ ಸ್ಥಿತಿ ಅವರಿಗಿಂತ ವಾಸಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಗೆ 1973ರಲ್ಲಾದ ತಿದ್ದುಪಡಿಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ಹೆಸರನ್ನೇ ಹೇಳಿ, ಸೆಕ್ರೆಟೇರಿಯಟಿನೊಡನೆಯೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಉತ್ತರ ಪಡೆಯುವ ಹಕ್ಕು ಎಂಬುದೇ ಮುಖ್ಯ. ಸಂವಿಧಾನದ 350ನೆಯ ವಿಧಿ ಮನವಿ ಸಲ್ಲಿಸುವ ಹಕ್ಕಿನ ಬಗ್ಗೆ ಮಾತ್ರ ಹೇಳುತ್ತದೆ, ಉತ್ತರ ಯಾವ ಭಾಷೆಯಲ್ಲಿ ಎಂಬುದನ್ನು ಹೇಳುವುದಿಲ್ಲ. ರಾಯಿಕೋಡಿನವರು ಕೇಳಬೇಕಾದ ಮಾದರಿ ಕೇರಳದ ಈ ಕಲಮಿನಲ್ಲಿದೆ. ಇದನ್ನು ನಮ್ಮವರು ಎಷ್ಟು ಬಳಸುತ್ತೇವೆ ಎಂಬುದು ಬೇರೆ ಮಾತು. ಕೆಲಸ ಬೇಗ ಆಗಲೆಂದು ಅರ್ಜಿಯನ್ನು ಮಲಯಾಳದಲ್ಲಿ ಬರೆಸಿ ಸಹಿ ಹಾಕುವುದು ಮನೆಮನೆಯ ಕಥೆಯಾಗಿದೆ.

ಕನ್ನಡದಲ್ಲಿ ಕೊಟ್ಟರೂ ಯಾವ ಕನ್ನಡ ಎಂಬ ಪ್ರಶ್ನೆ ಉಳಿಯುತ್ತದೆ. ಕರ್ನಾಟಕದ ಕೆಲವು ಸರಕಾರಿ ಸುತ್ತೋಲೆಗಳನ್ನು ಓದಿದವರಿಗೆ ಅದಕ್ಕಿಂತ ಇಂಗ್ಲಿಷೇ ವಾಸಿ ಎನ್ನಿಸಿದರೆ ಆಶ್ಚರ್ಯವಿಲ್ಲ. ಬೀದರ ಸೀಮೆಯ ರೈತನಿಗೆ ಪಹಣಿ, ಖಾತೆ, ವಾರಸು, ಮುದ್ದತ್ತು ಎಂಬ ಮಾತುಗಳು ತಿಳಿಯುತ್ತವೆ. ಅವನ್ನು ಕಿತ್ತು ಸಂಸ್ಕೃತದ ಹೊಸ ಶಬ್ದ ಜೋಡಿಸಿದರೆ ಭಾಷಾಂತರವಾಯಿತೇ ಹೊರತು ತಿಳಿಸಿದಂತಾಗಲಿಲ್ಲ.

ಕೊನೆಯದಾಗಿ, ನಮ್ಮವರಲ್ಲಿ ಕೆಲವರಿಗೆ ಹಿಡಿಸದ ಒಂದು ಮಾತು. ಬೆಳಗಾವಿಯ ಮರಾಠಿಗರು ಕರ್ನಾಟಕ ಸರಕಾರದಿಂದ ಕೇಳುತ್ತ ಬಂದಿರುವುದರಲ್ಲಿ ಗಡಿಯ ಬೇಡಿಕೆಯನ್ನು ಬದಿಗಿಟ್ಟರೆ ಒಂದು ಭಾಗ ಇದೇ: ನೋಟೀಸು, ಪಹಣಿ, ಪಂಚಾಯತಿನ ಕಾಗದ ಮರಾಠಿಯಲ್ಲೂ ಬೇಕು. ಆ ಕೋರಿಕೆಗೆ ಆಧಾರವೂ 1956ರ ಅದೇ ಜ್ಞಾಪನಪತ್ರ. ಸಂಗಾರೆಡ್ಡಿ ಜಿಲ್ಲೆಯಲ್ಲಿ ನ್ಯಾಯವಾದದ್ದು ಬೆಳಗಾವಿ ಜಿಲ್ಲೆಯಲ್ಲಿ ಅನ್ಯಾಯವಾಗಲು ಸಾಧ್ಯವಿಲ್ಲ. ಗಡಿ ಕನ್ನಡಿಗರಿಗಾಗಿ ತೆಲಂಗಾಣಕ್ಕೂ ಕೇರಳಕ್ಕೂ ಪತ್ರ ಬರೆಯುವ ಬೆಂಗಳೂರು, ಬೆಳಗಾವಿಯ ಒಂದು ತಾಲೂಕಿನಲ್ಲಿ ಇದನ್ನು ಮಾಡಿ ತೋರಿಸಿದರೆ ಆ ಆದೇಶದ ನಕಲನ್ನೇ ಹೈದರಾಬಾದಿಗೂ ತಿರುವನಂತಪುರಕ್ಕೂ ಕಳುಹಿಸಬಹುದು. ಭಾಷಾ ಅಲ್ಪಸಂಖ್ಯಾತರ ಕಮಿಶನರರು ಸಂವಿಧಾನದ 350ಬಿ ವಿಧಿಯಂತೆ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸಬಲ್ಲರು, ಆಜ್ಞೆ ಮಾಡಲಾರರು. ರಾಯಿಕೋಡಿನ ಮಂಡಲ ಕಚೇರಿಯ ಗೋಡೆಯ ಮೇಲೆ ಕನ್ನಡದ ನೋಟೀಸು ಅಂಟಬೇಕಾದರೆ ಅದಕ್ಕೆ ಬೇಕಾದ ಸಹಿ ಹೈದರಾಬಾದಿನಲ್ಲೇ ಬೀಳಬೇಕು.